ಕಾಲದ ಹೆಜ್ಜೆಯ ಅಳತೆ

ಕಾಲವು ಅಖಂಡವಾದುದು. ಅದನ್ನು ಘಳಿಗೆ, ವಿಘಳಿಗೆ, ನಿಮಿಷಗಳೆಂದು ತುಂಡರಿಸಿದವನು ಮನುಷ್ಯನು. ಛಂದಶ್ಶಾಸ್ತ್ರದಲ್ಲಿ ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಮಾತ್ರೆ ಎಂದು ನಾವು ಎಣಿಸುವುದೂ ಹರಿಯುವ ಕಾಲಕ್ಕೆ ಅಳತೆಗೋಲನ್ನಿಡುವ ಕಾರ್ಯವೇ ಸರಿ. ಗಣಕಯಂತ್ರಕ್ಕೂ ಇಂಥದೊಂದು ಮಾತ್ರೆ ಬೇಕು. ಅದು ತಪ್ಪಿದರೆ ಲೆಕ್ಕವೆಲ್ಲ ಕೆಡುವುದು ಎಂಬ ಸಂಗತಿಯನ್ನು ನನಗೆ ತಿಳಿಸಿದವನು ನಮ್ಮಲ್ಲಿಯೇ ಓದಿ ಇಂಜಿನಿಯರನಾದ ಶಿಷ್ಯನೊಬ್ಬನು.

ಕಳೆದ ಬೇಸಗೆಯಲ್ಲಿ ಮನೆಗೆ ಬಂದಿದ್ದ ಅವನನ್ನು, ‘ನಿನ್ನ ಕೆಲಸವೇನಪ್ಪಾ?’ ಎಂದು ಕೇಳಿದೆನು. ‘ಗುರುಗಳೇ, ಅಣೆಕಟ್ಟಿಗೆ ಹಾಕಿದ ಕಾಂಕ್ರೀಟು ಗಟ್ಟಿಯಾಗುವಾಗ ಒಳಗೆ ತಾನೇ ಕಾಯುತ್ತದೆ. ಒಳಗಿನ ಬಿಸಿಗೂ ಹೊರಗಿನ ತಂಪಿಗೂ ಅಂತರ ಮಿತಿಮೀರಿದರೆ ಬಿರುಕು ಬಿಡುತ್ತದೆ. ಆ ಬಿಸಿ ಹೇಗೆ ಏರಿ ಇಳಿಯುವುದೆಂಬುದನ್ನು ಕಂಪ್ಯೂಟರಿನಲ್ಲಿ ಮೊದಲೇ ಲೆಕ್ಕ ಹಾಕುತ್ತೇವೆ’ ಎಂದನು. ಯಂತ್ರವು ಕಾಲದ ಅಖಂಡ ಪ್ರವಾಹವನ್ನು ಅರಿಯದು. ಈಗಿನ ಸ್ಥಿತಿಯನ್ನು ನೋಡಿ ಸ್ವಲ್ಪ ಹೊತ್ತಿನ ನಂತರದ ಸ್ಥಿತಿಯನ್ನು ಗುಣಿಸುತ್ತದೆ. ಅಲ್ಲಿಂದ ಮತ್ತೆ ಮುಂದಕ್ಕೆ. ಆ ‘ಸ್ವಲ್ಪ ಹೊತ್ತ’ನ್ನು ಅವರು ಟೈಮ್ ಸ್ಟೆಪ್ ಎನ್ನುತ್ತಾರೆ. ನಾವು ಅದನ್ನು ಕಾಲದ ಹೆಜ್ಜೆ ಎನ್ನೋಣ.

ಹೆಜ್ಜೆ ಎಷ್ಟು ಉದ್ದವಿರಬೇಕು? ವಿದ್ಯಾರ್ಥಿಗಳು ಕಾಗದ ಲೇಖನಿಗಳಿಂದಲೇ ಪರೀಕ್ಷಿಸಬಹುದಾದ ಒಂದು ದೃಷ್ಟಾಂತವನ್ನು ಕೊಡುವೆನು. ಕೋಣೆಯ ಉಷ್ಣತೆ 30 ಡಿಗ್ರಿ, ಲೋಟದ ಹಾಲಿನದು 90 ಡಿಗ್ರಿ, ಅಂತರ 60. ಆಯಾ ಕ್ಷಣದ ಅಂತರದ ಹತ್ತನೆಯ ಒಂದು ಪಾಲು, ನಿಮಿಷಕ್ಕೆ ಇಷ್ಟರಂತೆ, ಇಳಿಯುವುದೆಂದು ಇಟ್ಟುಕೊಳ್ಳೋಣ. ಹತ್ತು ನಿಮಿಷಗಳ ನಂತರ ಉಳಿಯಬೇಕಾದ ನಿಜವಾದ ಅಂತರ ಸುಮಾರು 22.1 ಡಿಗ್ರಿ. ಒಂದೊಂದು ನಿಮಿಷದ ಹೆಜ್ಜೆಯಿಂದ ನಡೆದರೆ 60, 54, 48.6 ಎಂದು ಇಳಿಯುತ್ತ 20.9 ದೊರೆಯುವುದು. ಅರ್ಧ ನಿಮಿಷದ ಹೆಜ್ಜೆಯಿಟ್ಟರೆ 21.5, ಸತ್ಯಕ್ಕೆ ಇನ್ನೂ ಸಮೀಪ. ಐದು ನಿಮಿಷದ ಹೆಜ್ಜೆಯಾದರೋ 15 ಮಾತ್ರ. ಒಮ್ಮೆಗೇ 25 ನಿಮಿಷ ಜಿಗಿದರೆ 150 ಡಿಗ್ರಿ ಇಳಿಯಬೇಕಾಗಿ, ಹಾಲು ಸೊನ್ನೆಗಿಂತ 60 ಡಿಗ್ರಿ ಕೆಳಗೆ ಹೋಗುವುದು! ಮುಂದಿನ ಜಿಗಿತದಲ್ಲಿ ಅದೇ ಹಾಲು 165 ಡಿಗ್ರಿಗೆ ಏರುವುದು. ತಣ್ಣಗಾಗಬೇಕಾದ ಹಾಲು ಒಲೆಯಿಲ್ಲದೆ ಉಕ್ಕುವ ಈ ವಿಪರ್ಯಾಸಕ್ಕೆ ಕಾರಣ ನಿಸರ್ಗದ ನಿಯಮವಲ್ಲ, ಗುಣಾಕಾರದ ತಪ್ಪೂ ಅಲ್ಲ, ಹೆಜ್ಜೆಯ ಉದ್ದವೇ. ಈ ಲೆಕ್ಕದಲ್ಲಿ 20 ನಿಮಿಷವನ್ನು ಮೀರಿದ ಯಾವ ಹೆಜ್ಜೆಯೂ ಹೀಗೆ ಸ್ಫೋಟಗೊಳ್ಳುತ್ತದೆ.

ಒಂದು ಲೋಟದ ಮಾತು ಇದಾಯಿತು. ಗಾಳಿ, ನೀರು, ಶಬ್ದಗಳಂತೆ ದೂರಕ್ಕೆ ಹಬ್ಬುವ ವಸ್ತುಗಳಲ್ಲಿ ಸ್ಥಳವನ್ನೂ ಚೌಕಗಳಾಗಿ ಹಂಚಿಕೊಳ್ಳಬೇಕು. ಆಗ ಕಾಲದ ಹೆಜ್ಜೆಯು ಚೌಕದ ಅಳತೆಗೆ ಕಟ್ಟುಬೀಳುತ್ತದೆ. 1928ರಲ್ಲಿ ಕೌರಂಟ್, ಫ್ರೀಡ್ರಿಕ್ಸ್, ಲೆವಿ ಎಂಬ ಮೂವರು ಗಣಿತಜ್ಞರು, ಗಣಕಯಂತ್ರವು ಹುಟ್ಟುವ ಮೊದಲೇ, ಈ ನಿಯಮವನ್ನು ಕಂಡುಹಿಡಿದರು. ಸ್ಥೂಲವಾಗಿ ಅದರ ತಾತ್ಪರ್ಯವಿಷ್ಟು: ಒಂದು ಹೆಜ್ಜೆಯ ಅವಧಿಯಲ್ಲಿ ಅತಿವೇಗದ ಅಲೆಯು ಒಂದು ಚೌಕಕ್ಕಿಂತ ಹೆಚ್ಚು ದೂರ ಸಾಗಬಾರದು. ಸಾಗಿದರೆ, ಲೆಕ್ಕಕ್ಕೆ ಮುಟ್ಟದ ಸುದ್ದಿಯು ಮುಂದೆ ಓಡಿರುತ್ತದೆ.

ಇದಕ್ಕೆ ಮುಂಚೆಯೇ ಲೂಯಿಸ್ ಫ್ರೈ ರಿಚರ್ಡ್‌ಸನ್ ಎಂಬ ಇಂಗ್ಲಿಷ್ ವಿಜ್ಞಾನಿಯು ಹವೆಯನ್ನು ಗಣಿತದಿಂದ ಮುನ್ನುಡಿಯಲು ಸಾಹಸಮಾಡಿದ್ದನು. ಆಯುಧ ಹಿಡಿಯಲೊಲ್ಲದೆ ಮೊದಲ ಮಹಾಯುದ್ಧದಲ್ಲಿ ಗಾಯಾಳುಗಳನ್ನು ಸಾಗಿಸುವ ಸೇವೆಗೆ ಸೇರಿದ ಆ ಶಾಂತಿವಾದಿ, ಫ್ರಾನ್ಸಿನ ರಣಭೂಮಿಯ ಬಳಿ ಕೈಯಿಂದಲೇ ಲೆಕ್ಕ ಮಾಡಿದನು. 1910ರ ಮೇ 20ರಂದು ಆರು ಗಂಟೆಗಳಲ್ಲಿ ವಾಯುಭಾರವು 145 ಮಿಲಿಬಾರ್ ಬದಲಾಯಿಸುವುದೆಂದು ಉತ್ತರ ಬಂದಿತು. ನಿಜವಾಗಿ ಅಂದು ಅದು ಬಹುಮಟ್ಟಿಗೆ ನಿಶ್ಚಲವಾಗಿತ್ತು. ಆ ಪ್ರಮಾದಕ್ಕೆ ಮುಖ್ಯ ಕಾರಣ, ಆರಂಭದ ಗಾಳಿಯ ಅಂಕಿಗಳಿಗೂ ಒತ್ತಡದ ಅಂಕಿಗಳಿಗೂ ಹೊಂದಿಕೆಯಿಲ್ಲದಿದ್ದುದು. ಆದರೆ ಅದನ್ನು ಸರಿಪಡಿಸಿ ಮುಂದೆ ನಡೆದಿದ್ದರೂ ಅವನ ಲೆಕ್ಕ ಉಳಿಯುತ್ತಿರಲಿಲ್ಲ. ಅವನ ಚೌಕ ಸುಮಾರು 200 ಕಿಲೋಮೀಟರ್. ಹೆಜ್ಜೆ ಮೂರು ಗಂಟೆ. ವಾಯುಮಂಡಲದ ಅತಿವೇಗದ ಅಲೆಗಳು ಸೆಕೆಂಡಿಗೆ ಸುಮಾರು 300 ಮೀಟರ್ ಓಡುವುದರಿಂದ ಅವು ಹನ್ನೊಂದು ನಿಮಿಷಗಳಲ್ಲಿಯೇ ಒಂದು ಚೌಕವನ್ನು ದಾಟುತ್ತವೆ. ಮೂರು ಗಂಟೆಗಳಲ್ಲಿ ಹದಿನಾರು ಚೌಕಗಳು! ಸೋಲನ್ನು ಮುಚ್ಚಿಡದೆ 1922ರಲ್ಲಿ ತನ್ನ ಗ್ರಂಥದಲ್ಲಿ ಪ್ರಕಟಿಸಿದುದು ಅವನ ದೊಡ್ಡತನ.

1950ರಲ್ಲಿ ಅಮೆರಿಕೆಯ ಚಾರ್ನಿ ಮತ್ತು ಸಂಗಡಿಗರು ಎನಿಯಾಕ್ ಗಣಕದಲ್ಲಿ ಮತ್ತೆ ಯತ್ನಿಸಿದಾಗ, ಅತಿವೇಗದ ಅಲೆಗಳಿಗೆ ಎಡೆಯೇ ಇಲ್ಲದ ಸಮೀಕರಣವನ್ನು ಆರಿಸಿಕೊಂಡರು. ಆದುದರಿಂದ 736 ಕಿಲೋಮೀಟರಿನ ಚೌಕಗಳಲ್ಲಿ ಒಂದರಿಂದ ಮೂರು ಗಂಟೆಗಳ ಹೆಜ್ಜೆಯೂ ಅವರಿಗೆ ಕ್ಷೇಮಕರವಾಯಿತು. ಒಂದು ದಿನದ ಹವೆಯನ್ನು ಮುನ್ನುಡಿಯಲು ಸುಮಾರು ಒಂದು ದಿನವೇ ಹಿಡಿಯಿತಾದರೂ ಫಲ ನಂಬತಕ್ಕದ್ದಾಗಿತ್ತು.

ಹಾಗಾದರೆ ಅತಿ ಚಿಕ್ಕ ಹೆಜ್ಜೆಯನ್ನೇ ಇಡಬಾರದೇಕೆ? ಶ್ರಮವು ಬೆಳೆಯುವುದು. 2025ರ ಮೇ ತಿಂಗಳಲ್ಲಿ ನಮ್ಮ ದೇಶದ ಹವಾ ಮುನ್ಸೂಚನೆಗೆ ಬಳಕೆಗೆ ಬಂದ ‘ಭಾರತ್ ಫೋರ್‌ಕಾಸ್ಟ್ ಸಿಸ್ಟಮ್’ ಎಂಬ ವ್ಯವಸ್ಥೆಯಲ್ಲಿ 12 ಕಿಲೋಮೀಟರಿದ್ದ ಚೌಕವು 6ಕ್ಕೆ ಇಳಿಯಿತು. ಚೌಕದ ಬದಿ ಅರ್ಧವಾದರೆ ಚೌಕಗಳು ನಾಲ್ಮಡಿಯಾಗುತ್ತವೆ. ಸರಳ ಪದ್ಧತಿಯಲ್ಲಾದರೆ ಹೆಜ್ಜೆಯನ್ನೂ ಅರ್ಧಕ್ಕಿಳಿಸಬೇಕು. ಒಟ್ಟು ಶ್ರಮ ಎಂಟು ಮಡಿ. ನಾಳೆಯ ಮಳೆಯ ಸುದ್ದಿ ನಾಡಿದ್ದು ಬಂದರೆ ರೈತನಿಗೇನು ಫಲ?

ಈ ಭಾರವನ್ನು ತಗ್ಗಿಸಲು ಪರೋಕ್ಷ ಪದ್ಧತಿಯೆಂಬುದೊಂದುಂಟು. ಅದು ಹೆಜ್ಜೆಯ ಆರಂಭದ ಅಂತರವನ್ನು ಬಿಟ್ಟು ಕೊನೆಯ ಅಂತರವನ್ನೇ ಹಿಡಿದು ಸಮೀಕರಣವನ್ನು ಬಿಡಿಸುತ್ತದೆ. ನಮ್ಮ ಹಾಲಿಗೆ 25 ನಿಮಿಷಗಳ ಹೆಜ್ಜೆಯನ್ನು ಈ ರೀತಿಯಲ್ಲಿ ಇಟ್ಟರೆ ಅಂತರ 17.1 ಬರುತ್ತದೆ. ಹಾಲು ಹೆಪ್ಪುಗಟ್ಟಲಿಲ್ಲ, ಉಕ್ಕಲೂ ಇಲ್ಲ. ಆದರೆ ನಿಜವಾದ ಉತ್ತರ 4.9! ಸ್ಥಿರವಾದುದೆಲ್ಲವೂ ಸತ್ಯವಲ್ಲವೆಂಬುದನ್ನು ಇಲ್ಲಿ ಲಕ್ಷಿಸಬೇಕು.

ನನ್ನ ಶಿಷ್ಯನ ಅನುಭವವೂ ಇದೇ. ‘ಒಮ್ಮೆ ಕಾಂಕ್ರೀಟು ಮಂಜಿಗಿಂತ ತಣ್ಣಗಾಯಿತೆಂದು ಉತ್ತರ ಬಂದಿತು. ಅದಕ್ಕೆ ನಾನು ಹೆದರಲಿಲ್ಲ ಗುರುಗಳೇ. ಹುಚ್ಚು ಉತ್ತರವನ್ನು ಯಾರಾದರೂ ಗುರುತಿಸಿಯಾರು. ಪದ್ಧತಿಯನ್ನು ಬದಲಿಸಿದ ಮೇಲೆ ಅಂದವಾದ ರೇಖೆ ಬಂದಿತು. ಹೆಜ್ಜೆಯನ್ನು ಅರ್ಧ ಮಾಡಿ ನೋಡಿದರೆ ಒಳಗಿನ ಬಿಸಿಯ ತುದಿಯು ಮೊದಲಿಗಿಂತ ಬಹಳ ಮೇಲಿತ್ತು. ಆ ಅಂದದ ರೇಖೆಯನ್ನು ನಂಬಿ ಸಹಿ ಹಾಕಿದ್ದರೆ?’ ಎಂದು ಸುಮ್ಮನಾದನು.

ಅವನು ಹೇಳಿದ ಉಪಾಯವು ಸರಳವಾಗಿದೆ. ಒಂದು ಹೆಜ್ಜೆಯಿಂದ ಬಂದ ಉತ್ತರವನ್ನು ಅದರ ಅರ್ಧದ ಹೆಜ್ಜೆಯಿಂದ ಮತ್ತೆ ಲೆಕ್ಕ ಹಾಕಬೇಕು. ಎರಡೂ ಬಹುಮಟ್ಟಿಗೆ ಕೂಡಿದರೆ ಆ ಹೆಜ್ಜೆ ಸಾಕು. ಕೂಡದಿದ್ದರೆ ಇನ್ನೂ ಅರ್ಧ ಮಾಡಬೇಕು. ಉತ್ತಮ ತಂತ್ರಾಂಶಗಳು ಈ ಪರೀಕ್ಷೆಯನ್ನು ತಾವೇ ನಡೆಸಿ, ಬದಲಾವಣೆ ತೀವ್ರವಾದಲ್ಲಿ ಹೆಜ್ಜೆಯನ್ನು ಕುಗ್ಗಿಸಿ, ಮಂದವಾದಲ್ಲಿ ಹಿಗ್ಗಿಸುತ್ತವೆ. ಇಳಿಜಾರಿನಲ್ಲಿ ಎತ್ತುಗಳನ್ನು ಬಿಗಿಹಿಡಿದು ಬಯಲಿನಲ್ಲಿ ಸಡಿಲಬಿಡುವ ಗಾಡಿಯವನ ಜಾಣತನವೇ ಇದು. ಆದರೂ ಎಷ್ಟು ತಪ್ಪನ್ನು ಸಹಿಸಬಹುದೆಂಬುದನ್ನು ಯಂತ್ರಕ್ಕೆ ಹೇಳಬೇಕಾದವನು ಮನುಷ್ಯನೇ.

ವಿದ್ಯಾರ್ಥಿಗಳೇ, ನಾಳೆ ನಿಮ್ಮಲ್ಲಿ ಅನೇಕರು ಇಂಥ ಯಂತ್ರಗಳ ಮುಂದೆ ಕುಳಿತುಕೊಳ್ಳುವಿರಿ. ತೆರೆಯ ಮೇಲೆ ಸುಂದರವಾದ ಚಿತ್ರ ಮೂಡಿದೊಡನೆ ತೃಪ್ತರಾಗಬೇಡಿರಿ. ಹೆಜ್ಜೆಯನ್ನು ಅರ್ಧ ಮಾಡಿ ಇನ್ನೊಮ್ಮೆ ನಡೆದು ನೋಡಿರಿ. ಆ ಎರಡನೆಯ ನಡಿಗೆಗೆ ತಗಲುವ ಹೊತ್ತು ಎಂದಿಗೂ ವ್ಯರ್ಥವಲ್ಲ.