ಆ್ಯಪ್ ಕಲಿಕೆ: ಕಂಪೋಸ್‌ನಿಂದಲೋ, ಎಕ್ಸ್‌ಎಂಎಲ್‌ನಿಂದಲೋ?

ಊರಿನ ಬಸ್ಸುಗಳ ವೇಳಾಪಟ್ಟಿ ತೋರಿಸುವ ಪುಟ್ಟ ಆ್ಯಪ್. ಆಂಡ್ರಾಯ್ಡ್ ಕಲಿಯಲು ಕೂತವರಿಗೆ ಇದಕ್ಕಿಂತ ಒಳ್ಳೆಯ ಮೊದಲ ಪಾಠ ನನಗೆ ತೋಚುವುದಿಲ್ಲ. ಹಳೆಯ ಕ್ರಮದಲ್ಲಾದರೆ ಪರದೆಯ ವಿನ್ಯಾಸ ಒಂದು ಎಕ್ಸ್‌ಎಂಎಲ್ ಫೈಲಿನಲ್ಲಿ, ಪಟ್ಟಿಯ ಒಂದು ಸಾಲಿನ ವಿನ್ಯಾಸ ಇನ್ನೊಂದರಲ್ಲಿ. ಪಟ್ಟಿಗೆ ರಿಸೈಕ್ಲರ್‌ವ್ಯೂ, ಅದಕ್ಕೊಂದು ಅಡಾಪ್ಟರ್, ಅದರ ಜೊತೆಗೊಂದು ವ್ಯೂಹೋಲ್ಡರ್. ಮೊದಲ ಬಸ್ಸಿನ ಹೆಸರು ಪರದೆಗೆ ಬರುವಷ್ಟರಲ್ಲಿ ಅರ್ಧ ಹುಮ್ಮಸ್ಸು ಇಳಿದಿರುತ್ತದೆ. ಪರದೆ ಕಟ್ಟುವ ಹೊಸ ಕ್ರಮವಾದ ಜೆಟ್‌ಪ್ಯಾಕ್ ಕಂಪೋಸ್‌ನಲ್ಲಿ ಅದೇ ಪಟ್ಟಿ ಲೇಜಿಕಾಲಮ್‌ನೊಳಗೆ ನಾಲ್ಕೈದು ಸಾಲಿಗೆ ಮುಗಿಯುತ್ತದೆ.

ಸಾಲು ಉಳಿಯುವುದು ಸಣ್ಣ ಲಾಭ. ದೊಡ್ಡದು ಯೋಚಿಸುವ ಬಗೆಯಲ್ಲಿದೆ. ಆರೂವರೆಯ ಬಸ್ಸು ತಡವಾಯಿತೆನ್ನಿ. ಹಳೆಯ ಕ್ರಮದಲ್ಲಿ ಆ ಸಾಲನ್ನು ಹುಡುಕಿ, ಸಮಯ ತಿದ್ದಿ, ಬಣ್ಣ ಕೆಂಪಾಗಿಸಿ, 'ತಡ' ಎಂಬ ಗುರುತು ಕಾಣಿಸಿ ಎಂದು ಒಂದೊಂದನ್ನೂ ನಾವೇ ಹೇಳಬೇಕು. ಒಂದನ್ನು ಮರೆತರೂ ಮಾಹಿತಿ ಒಂದಿರುತ್ತದೆ, ಪರದೆಯ ಮೇಲೆ ಇನ್ನೊಂದು. ಕಂಪೋಸ್‌ನಲ್ಲಿ 'ಬಸ್ಸು ತಡವಾಗಿದ್ದರೆ ಸಾಲು ಹೀಗೆ ಕಾಣಲಿ' ಎಂದು ಬರೆದಿಟ್ಟರಾಯಿತು. ಸ್ಟೇಟ್, ಅಂದರೆ ಆ್ಯಪ್ ಹಿಡಿದಿಟ್ಟ ಮಾಹಿತಿ, ಬದಲಾದಾಗ ಪರದೆ ತಾನೇ ಬದಲಾಗುತ್ತದೆ.

ಹೊಸಬರು ಕಂಪೋಸ್‌ನಿಂದಲೇ ಶುರುಮಾಡಲಿ ಎಂದು ನಾನು ಹೇಳುವುದು ಇದಕ್ಕೇ. ಗೂಗಲ್‌ನ ಒಲವೂ ಅತ್ತಲೇ. ಕಂಪೋಸ್ ಬರೆಯುವ ಕಾಟ್ಲಿನ್ ಭಾಷೆಯನ್ನು ಅದು 2017ರಲ್ಲಿ ಅಧಿಕೃತವಾಗಿ ಒಪ್ಪಿಕೊಂಡಿತು, 2019ರಿಂದ ಅದಕ್ಕೇ ಮೊದಲ ಮಣೆ. ಕಂಪೋಸ್‌ನ 1.0 ಆವೃತ್ತಿ ಬಂದದ್ದು 2021ರ ಜುಲೈನಲ್ಲಿ. ಐಫೋನಿನ ಸ್ವಿಫ್ಟ್‌ಯುಐ ಅದಕ್ಕೂ ಎರಡು ವರ್ಷ ಮೊದಲೇ ಸ್ಟೇಟ್‌ಗೆ ತಕ್ಕಂತೆ ಪರದೆ ಬದಲಾಗುವ ಇದೇ ದಾರಿ ಹಿಡಿದಿತ್ತು.

ಹಾಗೆಂದು ಎಕ್ಸ್‌ಎಂಎಲ್ ಓದಲು ಬಾರದೆ ಕೆಲಸಕ್ಕೆ ಸೇರಿದರೆ ಕಷ್ಟ. ಮೊದಲ ಆಂಡ್ರಾಯ್ಡ್ ಫೋನ್ ಮಾರುಕಟ್ಟೆಗೆ ಬಂದ 2008ರಿಂದ ಬರೆಯುತ್ತ ಬಂದ ಕೋಡ್ ಅದು. ಚೆನ್ನಾಗಿ ಓಡುತ್ತಿರುವ ಆ್ಯಪನ್ನು ಯಾರೂ ಸುಮ್ಮನೆ ಕೆಡವಿ ಕಟ್ಟುವುದಿಲ್ಲ. ಹಳೆಯ ಪರದೆಯೊಳಗೆ ಕಂಪೋಸ್‌ವ್ಯೂ ಇಟ್ಟು ಒಂದೊಂದೇ ಭಾಗವನ್ನು ಹೊಸದಾಗಿಸುತ್ತಾರೆ. ಅಲ್ಲಿ ಎರಡೂ ತಿಳಿದಿರಬೇಕು. ಎರಡನ್ನೂ ಒಟ್ಟಿಗೆ ಕಲಿಯಹೊರಟರೆ ಮಾತ್ರ ತಲೆ ಕೆಡುತ್ತದೆ. ಬಸ್ ಆ್ಯಪ್ ಮುಗಿಯಲಿ, ಆಮೇಲೆ ಅದರ ಒಂದೇ ಒಂದು ಪರದೆಯನ್ನು ಹಳೆಯ ಕ್ರಮದಲ್ಲಿ ಬರೆದು ನೋಡಿ.

ಬರೆದ ಮೇಲೆ ಫೋನನ್ನು ಅಡ್ಡ ತಿರುಗಿಸಿ. ಆಗ ಆಂಡ್ರಾಯ್ಡ್ ಸಾಮಾನ್ಯವಾಗಿ ಇಡೀ ಆ್ಯಕ್ಟಿವಿಟಿಯನ್ನು, ಅಂದರೆ ಪರದೆಯನ್ನು ನಡೆಸುವ ಭಾಗವನ್ನು, ಅಳಿಸಿ ಮತ್ತೆ ಕಟ್ಟುತ್ತದೆ. ಹೋಗಬೇಕೆಂದು ಆ್ಯಪಿನಲ್ಲಿ ಆಯ್ದುಕೊಂಡಿದ್ದ ಊರು ಮಾಯವಾಗಬಹುದು. ಕಂಪೋಸ್‌ನಲ್ಲೂ ಬರೀ 'ರಿಮೆಂಬರ್' ಎಂದು ಬರೆದಿದ್ದರೆ ಇದೇ ಗತಿ, 'ರಿಮೆಂಬರ್‌ಸೇವಬಲ್' ಎಂದಿದ್ದರೆ ಊರು ಉಳಿಯುತ್ತದೆ. ಕಂಪೋಸ್‌ಗೆ ಈ ಎರಡನೆಯ ಪದ ಯಾಕೆ ಬೇಕಾಯಿತೆಂದು ಹಳೆಯ ಪರದೆ ಆಗ ತೋರಿಸಿಕೊಡುತ್ತದೆ.