ಜೋಡಿ ಹಾಡಿನ ಗಾಯಕಿ ಡಾಟಿ ವೆಸ್ಟ್

ಇಬ್ಬರು ಕೂಡಿ ಹಾಡುವುದು ಸುಲಭವೆಂದು ಕೇಳುವವರಿಗೆ ತೋರಬಹುದು. ಹಾಡಿ ನೋಡಿದವರಿಗೆ ಮಾತ್ರ ಅದರ ಕಷ್ಟವು ತಿಳಿಯುವುದು. ತನ್ನ ಕಂಠವು ಎಷ್ಟೇ ಸೊಗಸಾಗಿರಲಿ, ಜೊತೆಗಾರನ ಸೊಲ್ಲು ಬಂದಾಗ ಅದನ್ನು ತಗ್ಗಿಸಬೇಕು. ಅವನು ಉಸಿರೆಳೆದುಕೊಳ್ಳುವಾಗ ತಾನು ಹಾಡನ್ನು ಎತ್ತಿ ಹಿಡಿಯಬೇಕು. ಬೀಸುಕಲ್ಲಿನ ಮುಂದೆ ಕುಳಿತು ಹಾಡುತ್ತಿದ್ದ ನಮ್ಮ ಅಜ್ಜಿಯರಿಗೆ ಈ ಮರ್ಮವು ಚೆನ್ನಾಗಿ ಗೊತ್ತಿದ್ದಿತು. ಅಮೆರಿಕಾ ದೇಶದ ಹಳ್ಳಿಗಾಡಿನ ಸಂಗೀತದಲ್ಲಿ, ಅಂದರೆ ಅಲ್ಲಿನವರು ‘ಕಂಟ್ರಿ’ ಎಂದು ಕರೆಯುವ ಹಾಡುಗಾರಿಕೆಯಲ್ಲಿ, ಈ ಮರ್ಮವನ್ನರಿತವರೊಳಗೆ ಡಾಟಿ ವೆಸ್ಟ್ ಎಂಬಾಕೆಯು ಅಗ್ರಗಣ್ಯಳು. ಆಕೆಯ ಬಾಳಿನ ವೃತ್ತಾಂತವನ್ನು ವಾಚಕರ, ವಿಶೇಷವಾಗಿ ನಮ್ಮ ಸೋದರಿಯರ, ಮುಂದಿಡಬೇಕೆಂದು ಈ ಲೇಖನವನ್ನು ಬರೆದಿರುವೆನು.

ಟೆನೆಸೀ ಸಂಸ್ಥಾನದ ಮಕ್‌ಮಿನ್‌ವಿಲ್ ಎಂಬ ಊರಿನ ಬಳಿ, ಬಡ ಕುಟುಂಬವೊಂದರಲ್ಲಿ, ೧೯೩೨ನೆಯ ಇಸವಿ ಅಕ್ಟೋಬರ್ ೧೧ರಂದು ಡಾಟಿಯು ಹುಟ್ಟಿದಳು. ಡಾರತಿ ಮಾರಿ ಮಾರ್ಷ್ ಎಂಬುದು ಹೆತ್ತವರಿಟ್ಟ ಹೆಸರು. ಹತ್ತು ಮಂದಿ ಮಕ್ಕಳಲ್ಲಿ ಈಕೆಯೇ ಹಿರಿಯಳು. ತಂದೆಯು ಕುಡುಕನಾಗಿದ್ದನು, ಮಡದಿಮಕ್ಕಳನ್ನು ಹೊಡೆಯುತ್ತಿದ್ದನು. ಅಷ್ಟಕ್ಕೇ ನಿಲ್ಲದೆ, ಹೆತ್ತ ಮಗಳ ಮೇಲೆಯೇ ಬಾಯಿಬಿಟ್ಟು ಹೇಳಲಾಗದ ಅನ್ಯಾಯವನ್ನು ಎಸಗಿದನು. ಹದಿನೇಳನೆಯ ವಯಸ್ಸಿನಲ್ಲಿ ಆ ಹುಡುಗಿಯು ಧೈರ್ಯ ತಂದುಕೊಂಡು ಅಧಿಕಾರಿಗಳಿಗೆ ದೂರಿತ್ತು, ನ್ಯಾಯಸ್ಥಾನದಲ್ಲಿ ನಿಂತು ತಂದೆಯ ವಿರುದ್ಧ ಸಾಕ್ಷಿ ನುಡಿದಳು. ಅವನಿಗೆ ೪೦ ವರ್ಷಗಳ ಸೆರೆಮನೆಯ ಶಿಕ್ಷೆಯಾಯಿತು, ಸೆರೆಯಲ್ಲಿಯೇ ಸತ್ತನು. ಮನೆಯ ಮಾನವೆಂದು ಹೇಳಿ ಇಂತಹ ಸಂಗತಿಗಳನ್ನು ಸೆರಗಿನಲ್ಲಿ ಮುಚ್ಚಿಡುವ ಪದ್ಧತಿಯು ಎಲ್ಲ ದೇಶಗಳಲ್ಲಿಯೂ ಉಂಟು. ಆ ಕಾಲದಲ್ಲಿ, ಅಂತಹ ಸಣ್ಣ ಊರಿನಲ್ಲಿ, ಆಕೆಯು ಆಡಿದ ಆ ಮಾತನ್ನು ಆಕೆಯ ಹಾಡುಗಳೆಲ್ಲಕ್ಕಿಂತಲೂ ದೊಡ್ಡದೆಂದು ನಾನು ಎಣಿಸುವೆನು. ಅನಂತರ ತಾಯಿಯು ಚಿಕ್ಕದೊಂದು ಊಟದ ಅಂಗಡಿಯನ್ನು ತೆರೆದು ಮಕ್ಕಳನ್ನು ಸಾಕಿದಳು.

ವಿದ್ಯಾರ್ಥಿವೇತನವನ್ನು ಪಡೆದು ಡಾಟಿಯು ಕುಕ್‌ವಿಲ್ ಎಂಬಲ್ಲಿನ ಕಾಲೇಜನ್ನು ಸೇರಿ ಸಂಗೀತವನ್ನು ವ್ಯಾಸಂಗ ಮಾಡಿದಳು. ಅಲ್ಲಿ ಸ್ಟೀಲ್ ಗಿಟಾರ್ ವಾದಕನೂ ಎಂಜಿನಿಯರಿಂಗ್ ವಿದ್ಯಾರ್ಥಿಯೂ ಆಗಿದ್ದ ಬಿಲ್ ವೆಸ್ಟನ ಪರಿಚಯವಾಗಿ, ಅವನ ಕೈಹಿಡಿದಳು. ಕೆಲವು ಕಾಲ ಒಹಾಯೋ ಸಂಸ್ಥಾನದ ಕ್ಲೀವ್‌ಲೆಂಡಿನಲ್ಲಿದ್ದು, ಅಲ್ಲಿನ ಟೆಲಿವಿಷನ್ನಿನಲ್ಲಿ ಇನ್ನೊಬ್ಬ ಗಾಯಕಿಯೊಡನೆ ಜೋಡಿಯಾಗಿ ಹಾಡಿದಳು. ಮೊದಲ ಹೆಜ್ಜೆಯೇ ಜೋಡಿ ಹಾಡಿನದಾಗಿದ್ದಿತೆಂಬುದನ್ನು ಗಮನಿಸಬೇಕು. ೧೯೬೧ರಲ್ಲಿ ದಂಪತಿಗಳು ಮಕ್ಕಳೊಡನೆ ಕಂಟ್ರಿ ಸಂಗೀತಕ್ಕೆ ತವರಾದ ನ್ಯಾಶ್‌ವಿಲ್ ನಗರಕ್ಕೆ ಬಂದರು.

ಕೈಯಲ್ಲಿ ಕಾಸಿಲ್ಲದ ಆ ದಿನಗಳಲ್ಲಿ ಆಕೆಗೆ ದೊರೆತ ಗೆಳತಿಯೆಂದರೆ ಸುಪ್ರಸಿದ್ಧ ಗಾಯಕಿ ಪ್ಯಾಟ್ಸಿ ಕ್ಲೈನ್. ೧೯೬೩ನೆಯ ಮಾರ್ಚಿಯಲ್ಲಿ, ಮಡಿದುಹೋದ ರೇಡಿಯೋ ನಿರೂಪಕನೊಬ್ಬನ ಕುಟುಂಬದ ಸಹಾಯಾರ್ಥವಾಗಿ ಕನ್ಸಾಸ್ ಸಿಟಿಯಲ್ಲಿ ನಡೆದ ಕಛೇರಿಗೆ ಇಬ್ಬರೂ ಹೋಗಿದ್ದರು. ಮಂಜು ಕವಿದು ವಿಮಾನವು ಹೊರಡದಿರಲು, ತಮ್ಮ ಮೋಟಾರಿನಲ್ಲಿಯೇ ಊರಿಗೆ ಬರುವಂತೆ ಡಾಟಿಯು ಗೆಳತಿಯನ್ನು ಕರೆದಳು. ಪ್ಯಾಟ್ಸಿಯು ಒಪ್ಪದೆ ವಿಮಾನಕ್ಕಾಗಿ ಕಾದಳು. ಮಾರ್ಚ್ ೫ರಂದು ಆ ಸಣ್ಣ ವಿಮಾನವು ಟೆನೆಸೀಯ ಕಾಡಿನಲ್ಲಿ ಬಿದ್ದು, ಅದರಲ್ಲಿದ್ದವರೆಲ್ಲರೂ ಸತ್ತರು.

ಮರುವರ್ಷ ಇಂತಹುದೇ ಇನ್ನೊಂದು ಪೆಟ್ಟು. ಮೃದುಕಂಠದ ಜಿಮ್ ರೀವ್ಸನು ಡಾಟಿಯು ಕಟ್ಟಿದ ಹಾಡೊಂದನ್ನು ಹಾಡಿ ಜನಪ್ರಿಯಗೊಳಿಸಿದ್ದನು. ಅವನ ನೆರವಿನಿಂದಲೇ ಆಕೆಗೆ ಆರ್.ಸಿ.ಏ. ಕಂಪನಿಯಲ್ಲಿ ಪ್ರವೇಶವು ದೊರೆಯಿತು. ೧೯೬೪ರಲ್ಲಿ ಇವರಿಬ್ಬರೂ ಕೂಡಿ ಹಾಡಿದ ‘ಲವ್ ಈಸ್ ನೋ ಎಕ್ಸ್‌ಕ್ಯೂಸ್’ ಎಂಬ ಯುಗಳಗೀತದ ತಟ್ಟೆಯು ಆಕೆಯ ಮೊದಲ ದೊಡ್ಡ ಗೆಲುವು. ಅದೇ ವರ್ಷ ಜುಲೈ ೩೧ರಂದು ರೀವ್ಸನೂ ವಿಮಾನಾಪಘಾತದಲ್ಲಿ ತೀರಿಕೊಂಡನು.

ಅಳುತ್ತ ಕೂಡುವ ಹೆಂಗಸು ಆಕೆಯಲ್ಲ. ಗಂಡನೊಡನೆ ತಾನೇ ರಚಿಸಿದ ‘ಹಿಯರ್ ಕಮ್ಸ್ ಮೈ ಬೇಬಿ’ ಎಂಬ ಹಾಡನ್ನು ಆ ವರ್ಷವೇ ಒಬ್ಬಳಾಗಿ ಹಾಡಿ, ೧೯೬೫ರಲ್ಲಿ ಗ್ರ್ಯಾಮಿ ಪಾರಿತೋಷಕವನ್ನು ಗಳಿಸಿದಳು. ಕಂಟ್ರಿ ಗಾಯಕಿಯರಲ್ಲಿ ಆ ಮನ್ನಣೆಯನ್ನು ಪಡೆದವರಲ್ಲಿ ಈಕೆಯೇ ಮೊದಲಿಗಳು. ೧೯೨೫ರಿಂದ ನ್ಯಾಶ್‌ವಿಲ್ಲಿನ ರೇಡಿಯೋದಲ್ಲಿ ಪ್ರಸಾರವಾಗುತ್ತಿದ್ದ ‘ಗ್ರ್ಯಾಂಡ್ ಓಲ್ ಆಪ್ರಿ’ ಎಂಬ ಗಾನಗೋಷ್ಠಿಯ ಸದಸ್ಯತ್ವವೂ ದೊರೆಯಿತು. ೧೯೬೯ರಲ್ಲಿ ಡಾನ್ ಗಿಬ್ಸನ್ನನೊಡನೆ ಹಾಡಿದ ‘ರಿಂಗ್ಸ್ ಆಫ್ ಗೋಲ್ಡ್’ ಕಂಟ್ರಿ ಹಾಡುಗಳ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೇರಿತು. ೧೯೭೩ರಲ್ಲಿ ‘ಕಂಟ್ರಿ ಸನ್‌ಶೈನ್’ ಎಂಬ ಹಾಡು ಕೋಕಾ-ಕೋಲಾ ಪಾನೀಯದ ಜಾಹೀರಾತಿನ ಮೂಲಕ ಮನೆಮನೆಗೂ ಮುಟ್ಟಿತು. ಇಷ್ಟಾದರೂ ಆ ಪಟ್ಟಿಯ ಮೊದಲನೆಯ ಸ್ಥಾನವು ಆಕೆಗೆ ಒಲಿದಿರಲಿಲ್ಲ.

ಅದು ಒಲಿದ ಬಗೆಯು ಸ್ವಾರಸ್ಯವಾಗಿದೆ. ಡಾಟಿಯು ಸ್ಟುಡಿಯೋದಲ್ಲಿ ‘ಎವ್ರಿ ಟೈಮ್ ಟೂ ಫೂಲ್ಸ್ ಕೊಲೈಡ್’ ಎಂಬ ಹಾಡನ್ನು ಒಬ್ಬಳೇ ಮುದ್ರಿಸುತ್ತಿದ್ದಾಗ, ಆಗತಾನೆ ಹೆಸರುವಾಸಿಯಾಗಿದ್ದ ಕೆನ್ನಿ ರಾಜರ್ಸನು ಒಳಗೆ ಬಂದು ದನಿಗೂಡಿಸತೊಡಗಿದನೆಂದು ಹೇಳುವರು. ಆಕೆಯು ಅವನಿಗೆ ಎಡೆಗೊಟ್ಟಳು. ಒಂಟಿ ಹಾಡು ಜೋಡಿ ಹಾಡಾಗಿ, ೧೯೭೮ರಲ್ಲಿ ಪಟ್ಟಿಯ ತುದಿಗೇರಿತು. ಆಗ ಆಕೆಗೆ ೪೫ ವರ್ಷ. ಅವನದು ಗೊಗ್ಗರು ಬೆರೆತ ಗಂಟಲು, ಆಕೆಯದು ನಡುಗುವಂತಿದ್ದರೂ ತೊಡರದ ತುಂಬುದನಿ. ಎರಡೂ ಸೇರಿದಾಗ ಗಂಡಹೆಂಡಿರು ಅಡಿಗೆಮನೆಯಲ್ಲಿ ಮಾತಾಡಿಕೊಂಡಂತೆ ಕೇಳುವುದು. ೧೯೭೮ ಮತ್ತು ೧೯೭೯ರಲ್ಲಿ ವರ್ಷದ ಶ್ರೇಷ್ಠ ಜೋಡಿಯೆಂಬ ಬಿರುದು ಇವರದಾಯಿತು. ರಾಜರ್ಸನೇ ಈಕೆಯನ್ನು ಮೇಲೆತ್ತಿದನೆಂದು ಕೆಲವರ ಮತ. ನನಗೆ ಅದು ಸಲ್ಲದು. ಹದಿನೈದು ವರ್ಷ ದುಡಿದು ಪಳಗಿದ ಕಂಠವು ಅವನಿಗೂ ಆಸರೆಯಾಯಿತಲ್ಲವೆ? ೧೯೮೦ರಲ್ಲಿ ‘ಎ ಲೆಸನ್ ಇನ್ ಲೀವಿನ್’ ಎಂಬ ಹಾಡಿನಿಂದ ಆಕೆಯು ಒಂಟಿಯಾಗಿಯೂ ಅದೇ ತುದಿಯನ್ನು ಮುಟ್ಟಿದಳು.

ಎಡೆಗೊಡುವ ಗುಣವು ಹಾಡಿನಲ್ಲಷ್ಟೇ ಇರಲಿಲ್ಲ. ಹೊಟ್ಟೆಪಾಡಿಗೆ ಅಲೆಯುತ್ತಿದ್ದ ಲ್ಯಾರಿ ಗ್ಯಾಟ್ಲಿನ್ನನಿಗೆ ನ್ಯಾಶ್‌ವಿಲ್ಲಿಗೆ ಬರಲು ವಿಮಾನದ ಖರ್ಚನ್ನು ಕೊಟ್ಟವಳು ಈಕೆಯೇ. ಹದಿನೇಳರ ಬಾಲಕ ಸ್ಟೀವ್ ವಾರಿನರ್‌ನನ್ನು ತನ್ನ ಮೇಳಕ್ಕೆ ಸೇರಿಸಿಕೊಂಡವಳೂ ಈಕೆಯೇ. ಮಗಳು ಶೆಲ್ಲಿಯು ೧೯೮೧ರಲ್ಲಿ ಡೇವಿಡ್ ಫ್ರಿಜೆಲ್ಲನೊಡನೆ ಜೋಡಿ ಹಾಡಿ, ತಾಯಿಯಂತೆಯೇ ಮೊದಲ ಸ್ಥಾನವನ್ನು ಪಡೆದಳು.

ಆದರೆ ಬಂದ ಹಣವು ನಿಲ್ಲಲಿಲ್ಲ. ಉಡುಗೆತೊಡುಗೆಯ ಅತಿವ್ಯಯ, ತಪ್ಪು ಹೂಡಿಕೆ, ಮುರಿದುಬಿದ್ದ ಮೂರು ಮದುವೆಗಳು ಇವೆಲ್ಲವೂ ಕೂಡಿ ೧೯೯೦ರಲ್ಲಿ ಆಕೆಯು ದಿವಾಳಿಯೆಂದು ಹೇಳಿಕೊಳ್ಳಬೇಕಾಯಿತು. ಮನೆಯು ಸಾಲಕ್ಕೆ ಹೋಯಿತು. ಮರುವರ್ಷ ತೆರಿಗೆಯ ಇಲಾಖೆಯವರು ಮನೆಯ ಸಾಮಾನುಗಳನ್ನು ಹರಾಜು ಹಾಕಿದರು. ಅಂತಹ ಸಮಯದಲ್ಲಿಯೂ ಆಕೆಯು ಹೊಸ ಜೋಡಿ ಹಾಡುಗಳ ಯೋಚನೆಯಲ್ಲಿದ್ದಳು. ಕಡೆಯದಾಗಿ ಮುದ್ರಿಸಿದ ಹಾಡು ನಾರ್ವೆ ದೇಶದ ಗಾಯಕನೊಬ್ಬನೊಡನೆ ಹಾಡಿದುದು.

೧೯೯೧ನೆಯ ಆಗಸ್ಟ್ ೩೦ರಂದು ಆಪ್ರಿಯಲ್ಲಿ ಹಾಡಲು ಹೊರಟಾಗ, ರಾಜರ್ಸನು ಕೊಟ್ಟಿದ್ದ ಮೋಟಾರು ದಾರಿಯಲ್ಲಿ ಕೆಟ್ಟು ನಿಂತಿತು. ೮೧ ವರ್ಷದ ನೆರೆಯವನೊಬ್ಬನು ಕಂಡು, ತನ್ನ ವಾಹನದಲ್ಲಿ ಕೂರಿಸಿಕೊಂಡನು. ಹೊತ್ತಾಯಿತೆಂದು ಆಕೆಯು ಅವಸರಪಡಿಸಿದಳು. ಆಪ್ರಿಯ ತಿರುವಿನಲ್ಲಿ ವೇಗವು ಮಿತಿಮೀರಿ ವಾಹನವು ರಸ್ತೆಯನ್ನು ಬಿಟ್ಟು ಹಾರಿತು. ತನಗೆ ಅಷ್ಟು ಪೆಟ್ಟಾಗಿಲ್ಲವೆಂದು ಭಾವಿಸಿ, ಮೊದಲು ಆ ಮುದುಕನನ್ನು ನೋಡಿರೆಂದು ಆಕೆಯು ಹೇಳಿದಳಂತೆ. ಪೆಟ್ಟು ಒಳಗಿತ್ತು. ಶಸ್ತ್ರಚಿಕಿತ್ಸೆಗಳು ನಡೆದವು, ರಾಜರ್ಸನು ಆಸ್ಪತ್ರೆಗೆ ಬಂದು ನೋಡಿದನು. ಸೆಪ್ಟೆಂಬರ್ ೪ರಂದು, ೫೮ನೆಯ ವಯಸ್ಸಿನಲ್ಲಿ, ಡಾಟಿಯು ತೀರಿಕೊಂಡಳು. ನ್ಯಾಶ್‌ವಿಲ್ಲಿನ ಕಂಟ್ರಿ ಸಂಗೀತದ ಕೀರ್ತಿಮಂದಿರದಲ್ಲಿ ಆಕೆಯ ಹೆಸರನ್ನು ಸೇರಿಸಿದುದು ೨೦೧೮ರಲ್ಲಿ. ರಾಜರ್ಸನ ಹೆಸರು ಅಲ್ಲಿ ಐದು ವರ್ಷ ಮೊದಲೇ ಸೇರಿದ್ದಿತು.