ಕೋವಿಮದ್ದಿನ ಅಳತೆ: ಬಟ್ಟಲಿನಿಂದ ತ್ರಾಸಿಗೆ

ಗುರಿಕಾರನು ಹಾರಿಸಿದ ಗುಂಡು ಎಲ್ಲಿ ನಾಟುವುದೆಂಬುದು ಅವನ ಕೈಕಣ್ಣುಗಳನ್ನು ಅವಲಂಬಿಸಿರುವಂತೆಯೇ ತೋಟೆಯೊಳಗಿನ ಮದ್ದಿನ ಪರಿಮಾಣವನ್ನೂ ಅವಲಂಬಿಸಿದೆ. ಮದ್ದು ಹೆಚ್ಚುಕಡಮೆಯಾದರೆ ಗುಂಡಿನ ವೇಗವು ವ್ಯತ್ಯಾಸಗೊಂಡು, ದೂರದ ಗುರಿಯ ಮೇಲೆ ಏಟುಗಳು ಮೇಲಕ್ಕೂ ಕೆಳಕ್ಕೂ ಚೆದರುತ್ತವೆ. ಮಿತಿಮೀರಿದರೆ ಕೋವಿಯೇ ಸಿಡಿಯಬಹುದು. ಆದುದರಿಂದ ತಮ್ಮ ತೋಟೆಗಳನ್ನು ತಾವೇ ತುಂಬಿಕೊಳ್ಳುವ ಗುರಿಕಾರರಿಗೆ ಅಳತೆಯೇ ಮೊದಲ ವಿದ್ಯೆ. ಈ ಅಳತೆಯು ಗಾತ್ರದಿಂದ ತೂಕಕ್ಕೆ ತಿರುಗಿದ ಬಗೆಯನ್ನು ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

ಹಳೆಯ ಕರಿಮದ್ದು ಸಾಮಾನ್ಯವಾಗಿ ಪೆಟ್ಲುಪ್ಪು ೭೫, ಇದ್ದಿಲು ೧೫, ಗಂಧಕ ೧೦ ಭಾಗಗಳ ಮಿಶ್ರಣ. ಹದಿನೇಳನೆಯ ಶತಮಾನದ ಯೂರೋಪಿನ ಬಂದೂಕುಗಾರರು ಒಂದೊಂದು ಏಟಿಗೆ ಬೇಕಾದ ಮದ್ದನ್ನು ಸಣ್ಣ ಮರದ ಕರಡಿಗೆಗಳಲ್ಲಿ ತುಂಬಿ ಹೆಗಲಪಟ್ಟಿಗೆ ತೂಗುಹಾಕಿಕೊಳ್ಳುತ್ತಿದ್ದರು. ಸೇರಿನಲ್ಲಿ ಅಕ್ಕಿ ಅಳೆದವರೆಲ್ಲರೂ ಈ ಪದ್ಧತಿಯ ದೋಷವನ್ನು ಬಲ್ಲರು: ಕುಲುಕಿ ತುಂಬಿದರೆ ಸೇರು ಹೆಚ್ಚು ಹಿಡಿಯುತ್ತದೆ, ಸಡಿಲವಾಗಿ ಸುರಿದರೆ ಕಡಮೆ. ಆದರೂ ಕರಿಮದ್ದಿನಲ್ಲಿ ಇಂತಹ ಅಲ್ಪ ವ್ಯತ್ಯಾಸದಿಂದ ವಿಶೇಷ ಅಪಾಯ ಒದಗುತ್ತಿರಲಿಲ್ಲ.

ಮದ್ದಿನ ಬಲವನ್ನೂ ಗುಂಡಿನ ವೇಗವನ್ನೂ ಪ್ರಯೋಗದಿಂದ ಪರಿಶೀಲಿಸಿದವರಲ್ಲಿ ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್ ಪ್ರಮುಖನು. ತೂಗುಹಾಕಿದ ಲೋಲಕಕ್ಕೆ ಗುಂಡು ಹೊಡೆದು, ಅದು ತೂಗಿದ ದೂರದಿಂದ ವೇಗವನ್ನು ಗಣಿಸುವ ಕ್ರಮವನ್ನು ಅವನು ೧೭೪೨ರಲ್ಲಿ ಪ್ರಕಟಿಸಿದನು. ಮುಂದೆ ಈಸ್ಟ್ ಇಂಡಿಯಾ ಕಂಪನಿಯ ಸೇವೆಗೆ ಬಂದ ಅವನು ೧೭೫೧ರಲ್ಲಿ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ಮೃತನಾದನು.

೧೮೮೪ರಲ್ಲಿ ಫ್ರಾನ್ಸಿನ ಪಾಲ್ ವಿಯೇಲ್ ರೈಫಲಿಗೆ ತಕ್ಕ ಹೊಗೆರಹಿತ ಮದ್ದನ್ನು ಸಿದ್ಧಪಡಿಸಿದ ಮೇಲೆ ಪರಿಸ್ಥಿತಿ ಬದಲಾಯಿತು. ಇದರ ಶಕ್ತಿಯು ಅಷ್ಟೇ ತೂಕದ ಕರಿಮದ್ದಿನ ಶಕ್ತಿಗೆ ಸುಮಾರು ಮೂರರಷ್ಟು. ಒತ್ತಡ ಏರಿದಂತೆಲ್ಲ ಇದು ಮತ್ತಷ್ಟು ಶೀಘ್ರವಾಗಿ ಉರಿಯುವುದರಿಂದ, ಸ್ವಲ್ಪವೇ ಹೆಚ್ಚಿದ ಮದ್ದು ಒತ್ತಡವನ್ನು ಆ ಹೆಚ್ಚಳದ ಪ್ರಮಾಣಕ್ಕೆ ಮೀರಿ ಏರಿಸುತ್ತದೆ. ಹಳೆಯ ಬಟ್ಟಲಿನಲ್ಲಿ ಹೊಸ ಮದ್ದನ್ನು ಅಳೆಯುವುದು ಹೀಗೆ ಪ್ರಾಣಾಪಾಯಕರವಾಯಿತು. ಆದರೂ ಕರಿಮದ್ದಿನ ಕಾಲದ ‘ಡ್ರಾಮ್’ ಎಂಬ ಮಾನವು ಚರೆತೋಟೆಗಳ ಪೆಟ್ಟಿಗೆಗಳ ಮೇಲೆ ಉಳಿದುಬಂದಿತು. ಅಲ್ಲಿ ಅದು ಕರಿಮದ್ದಿನೊಡನೆ ಹೋಲಿಸಿದ ಬಲವನ್ನು ಸೂಚಿಸುತ್ತದೆಯೇ ಹೊರತು ಒಳಗಿರುವ ಮದ್ದಿನ ತೂಕವನ್ನಲ್ಲ.

ಇಂದು ಈ ಕಾರ್ಯದಲ್ಲಿ ಬಹುವಾಗಿ ಬಳಕೆಯಲ್ಲಿರುವ ಮಾನ ‘ಗ್ರೇನ್’. ಒಂದು ಪೌಂಡಿಗೆ ೭೦೦೦ ಗ್ರೇನ್. ನಮ್ಮ ಅಕ್ಕಸಾಲಿಗರ ಒಂದು ಗುಲಗಂಜಿ ಸುಮಾರು ಎರಡು ಗ್ರೇನಿಗೆ ಸಮ. ಬೇಕಾದುದಕ್ಕಿಂತ ತುಸು ಕಡಮೆ ಮದ್ದನ್ನು ಅಳತೆಯ ಉಪಕರಣದಿಂದ ತ್ರಾಸಿನ ತಟ್ಟೆಗೆ ಬೀಳಿಸಿ, ಉಳಿದುದನ್ನು ಕಾಳುಕಾಳಾಗಿ ಸೇರಿಸಿ, ಗ್ರೇನಿನ ಹತ್ತನೆಯ ಒಂದು ಭಾಗದವರೆಗೆ ಸರಿಪಡಿಸುವರು. ತ್ರಾಸನ್ನು ಗಾಳಿ ಸುಳಿಯದ ಎಡೆಯಲ್ಲಿರಿಸಿ, ನಿಶ್ಚಿತ ತೂಕದ ಬಟ್ಟಿನಿಂದ ಮೊದಲೇ ಪರೀಕ್ಷಿಸುವುದು ಅವಶ್ಯಕ.

ಆದರೆ ತ್ರಾಸು ಮದ್ದು ಎಷ್ಟೆಂಬುದನ್ನು ಹೇಳಬಲ್ಲುದು, ಯಾವುದೆಂಬುದನ್ನು ಹೇಳಲಾರದು. ಒಂದು ಬಗೆಯ ಮದ್ದಿಗೆ ಒಪ್ಪುವ ತೂಕವು ಇನ್ನೊಂದಕ್ಕೆ ಮಾರಕವಾಗಬಹುದು. ಆದಕಾರಣ ಡಬ್ಬಿಯ ಮೇಲಿನ ಹೆಸರನ್ನು ಓದಿ, ತಯಾರಕರು ಪ್ರಕಟಿಸಿದ ಕೋಷ್ಟಕವನ್ನು ನೋಡಿದ ಬಳಿಕವೇ ತೂಗತಕ್ಕದ್ದು. ಹಳೆಯ ಬಟ್ಟಲಿನ ಇತಿಹಾಸವು ಕಲಿಸುವ ಪಾಠವೂ ಇದೇ.